ಚೂರು ಒಣಗಿದ್ದ ಎರಡು ದಿನ

ಬೈಂಡಿಂಗ್ ಅಕ್ಕನನ್ನು ನಾನು ಮೊದಲು ನೋಡಿದ್ದು ನನ್ನ ಪ್ರಬಂಧದ ಹಾಳೆಗಳನ್ನು ಎದೆಗವಚಿಕೊಂಡು ಅವರ ಅಂಗಡಿಯ ಮೂರು ಮೆಟ್ಟಿಲು ಇಳಿದ ದಿನ. ರಸ್ತೆಗಿಂತ ತಗ್ಗಿನಲ್ಲಿದ್ದ ಒಂದೇ ಕೋಣೆ. ಒಂದು ಗೋಡೆಗೆ ರಟ್ಟಿನ ಅಟ್ಟಿ, ಇನ್ನೊಂದಕ್ಕೆ ಕಾಗದ ಕತ್ತರಿಸುವ ಯಂತ್ರ, ನಡುವೆ ಉದ್ದನೆಯ ಮೇಜು. ಅಕ್ಕ ತಲೆ ಎತ್ತಲಿಲ್ಲ. ಅಂಟು ಮೆತ್ತಿದ ಬೆರಳಿನಿಂದಲೇ ಮೇಜಿನ ತುದಿ ತೋರಿಸಿದರು.

"ಎಡಗಡೆ ಜಾಗ ಬಿಟ್ಟಿದ್ದೀರಾ? ಹೊಲಿಗೆ ಒಳಗೆ ಅಕ್ಷರ ಹೋದ್ರೆ ಆಮೇಲೆ ನನ್ನ ಬೈಬೇಡಿ."

ಬಿಟ್ಟಿದ್ದೆ. ನಮ್ಮ ಮನೆಯಲ್ಲಿ ಕಾಲೇಜು ಕಂಡವನು ನಾನೊಬ್ಬನೇ. ಒಂದೂವರೆ ಇಂಚನ್ನು ಪ್ರತಿ ಹಾಳೆಗೂ ಅಳತೆಪಟ್ಟಿ ಇಟ್ಟು ನೋಡಿದ್ದೆ. ಕಟ್ಟು ಇಡಲು ಹೋದಾಗ, ಪುಸ್ತಕಗಳ ಮೇಲೆ ಕೂತಿದ್ದ ಬೂದು ಬೆಕ್ಕೊಂದು ಕಣ್ಣು ತೆರೆಯಿತು.

"ಅವನು ಮೇಸ್ತ್ರಿ. ಅಂಟು ಒಣಗೋ ತನಕ ಭಾರಕ್ಕೆ ಕೂರ್ತಾನೆ. ಕೂತು ತಿನ್ನೋದು ಅಂದ್ರೆ ಇದೇ ನೋಡಿ," ಎಂದರು ಅಕ್ಕ. ಮುಖ ನಕ್ಕಿತು. ಕಣ್ಣಿನ ಕೆಳಗೆ ಕಪ್ಪುಗಟ್ಟಿತ್ತು.

ಹಿಟ್ಟಿನ ಅಂಟಿಗೆ ಇಲಿಗಳು ಬರುತ್ತವೆಂದು ಸಾಕಿದ ಬೆಕ್ಕು ಅದು. ಯಂತ್ರದಿಂದ ಉದುರುವ ಕಾಗದದ ಚೂರು ತುಂಬಿದ ತಗಡಿನ ತಟ್ಟೆಯೇ ಅದರ ಕಕ್ಕಸು. ದಿನಾ ಬೆಳಿಗ್ಗೆ ಒದ್ದೆ ಚೂರು ಎತ್ತಿ ಹೊಸದು ಹಾಕುವುದು ಅಕ್ಕನ ಮೊದಲ ಕೆಲಸ. ದಿನದ ಮೊದಲ ಬೈಗುಳವೂ ಮೇಸ್ತ್ರಿಗೇ ಮೀಸಲು.

ಐದು ದಿನ ಬಿಟ್ಟು, ಮಧ್ಯಾಹ್ನ, ಪ್ರಬಂಧ ಪಡೆಯಲು ಹೋದೆ. ಅಕ್ಕ ಶಾಲೆಯೊಂದರ ಹಾಜರಿ ಪುಸ್ತಕ ಹೊಲಿಯುತ್ತಿದ್ದರು. ಸಂಜೆಯೊಳಗೆ ಎಂಬತ್ತು ಮುಗಿಯಬೇಕಿತ್ತು. ಅವರ ಗಂಡನ ಅಣ್ಣ ಯಂತ್ರದ ಮುಂದೆ ನಿಂತಿದ್ದರು. ಮೇಸ್ತ್ರಿ ತಟ್ಟೆಯಲ್ಲಿ ಕುಕ್ಕರಿಸಿ ತಿಣುಕುತ್ತಿದ್ದ. ಇಳಿಯುತ್ತಿದ್ದ, ಮತ್ತೆ ಹತ್ತುತ್ತಿದ್ದ. ಕೂಗು ಬೆಕ್ಕಿನದೆಂದೇ ಅನ್ನಿಸುತ್ತಿರಲಿಲ್ಲ.

"ಹೊಟ್ಟೆ ಕಟ್ಟಿದೆ ಅದಕ್ಕೆ," ಎಂದರು ಭಾವ. "ಒಂದು ಚಮಚ ಹರಳೆಣ್ಣೆ ಬಿಡು."

"ನಮ್ಮೂರಲ್ಲೂ ಹಾಗೇ ಮಾಡ್ತಾರೆ," ಎಂದು ನಾನೂ ಬಾಯಿ ಹಾಕಿದೆ.

ಅಕ್ಕ ಎಣ್ಣೆ ಬಗ್ಗಿಸಿಕೊಂಡು ಬೆಕ್ಕಿನ ಮುಂದೆ ಕೂತರು. "ಪಾಪ, ಈಗ ತಾನೇ ಬುದ್ಧಿ ಕಲಿತಿದ್ದ. ಎರಡು ದಿನದಿಂದ ತಟ್ಟೆ ಒಣಗೇ ಇದೆ. ಹೊರಗೆ ಹೋಗೋದು ಕಲಿತ, ನಂಗೊಂದು ಕೆಲಸ ತಪ್ತು ಅಂತ ಖುಷಿಯಾಗಿದ್ದೆ."

ಚಮಚ ಅದರ ಬಾಯಿಯ ಹತ್ತಿರ ನಿಂತುಬಿಟ್ಟಿತು. ಅಕ್ಕ ಹಿಂದಿನ ಕಿಟಕಿ ನೋಡಿದರು. ರಸ್ತೆಯ ಸದ್ದಿಗೆ ಹೆದರಿ ಮುಂಬಾಗಿಲು ದಾಟದ ಬೆಕ್ಕಿಗೆ ಇದ್ದದ್ದು ಅದೊಂದೇ ದಾರಿ. ಓಣಿ ಅಗೆಯುವ ಧೂಳು ಬರುತ್ತದೆಂದು ಅದಕ್ಕೆ ರಟ್ಟು ಹೊಡೆದಿದ್ದರು.

"ಭಾವ, ಆ ರಟ್ಟು ಯಾವಾಗ ಹೊಡೆದಿದ್ದು?"

"ಮೊನ್ನೆ. ಯಾಕೆ?"

"ಹಾಗಾದ್ರೆ ಇವನು ಎಲ್ಲಿಗೆ ಹೋಗ್ತಿದ್ದ?"

ಅಕ್ಕ ಚೂರಿನೊಳಗೆ ಅಂಗೈ ಒತ್ತಿದರು, ಗರಗರ ಎಂದಿತು. ಬೆಕ್ಕಿನ ಕೆಳಹೊಟ್ಟೆಗೆ ಬೆರಳು ಸೋಕಿಸಿದರು. "ನಿಂಬೆಕಾಯಿ ಥರ ಗಟ್ಟಿ ಇದೆ," ಎಂದು ಎಣ್ಣೆಯನ್ನು ಬಚ್ಚಲಿಗೆ ಚೆಲ್ಲಿ ಪ್ರಾಣಿಗಳ ಡಾಕ್ಟರಿಗೆ ಫೋನು ಮಾಡಿದರು. ಆ ಕಡೆಯ ಹೆಣ್ಣುದನಿ ನನಗೂ ಕೇಳಿಸುತ್ತಿತ್ತು.

"ಗಂಡು ಬೆಕ್ಕಾ? ಉಚ್ಚೆ ಕಟ್ಟಿರಬೇಕು. ಹೊಟ್ಟೆ ಒತ್ತಬೇಡಿ, ಬಾಯಿಗೆ ಏನೂ ಹಾಕಬೇಡಿ. ಈಗಲೇ ತನ್ನಿ. ಸಂಜೆಗೆ ಅಂದ್ರೆ ಕೈಮೀರುತ್ತೆ."

"ಪುಸ್ತಕ ಯಾರು ಹೊಲೀತಾರೆ? ನಿನ್ನ ಮೇಸ್ತ್ರೀನಾ?" ಎಂದರು ಭಾವ.

"ನಾಳೆ ಒಂದು ದಿನ ಹಾಳೆ ಮೇಲೆ ಹಾಜರಿ ಹಾಕ್ಕೊಳ್ಲಿ ಭಾವ. ಅದಕ್ಕೆ ಯಾರೂ ಸಾಯಲ್ಲ."

ರಟ್ಟಿನ ಪೆಟ್ಟಿಗೆಯೊಂದನ್ನು ನನ್ನ ಕೈಗೆ ಕೊಟ್ಟು, ಬೆಕ್ಕನ್ನು ಅದರಲ್ಲಿ ಮಲಗಿಸಿದರು. ಬಾಡಿಗೆ ಗಾಡಿಯಲ್ಲಿ ಅದು ಎರಡು ಸಲ ವಾಂತಿ ಮಾಡಿತು. ಆಮೇಲೆ ಕೂಗು ನಿಂತಿತು. ಕೂಗು ನಿಂತದ್ದಕ್ಕೆ ನಮಗೆ ಇನ್ನೂ ಭಯವಾಯಿತು.

"ಕೂಗೋ," ಎಂದರು ಅಕ್ಕ. "ಬೇಕಿದ್ರೆ ನನ್ನೇ ಬೈಯೋ."

ಡಾಕ್ಟರು ಮತ್ತು ಬರುವ ಚುಚ್ಚುಮದ್ದು ಕೊಟ್ಟು ಸಣ್ಣ ಕೊಳವೆ ಹಾಕಿದರು. ಉಚ್ಚೆ ಕೆಂಪಗೆ ಇಳಿಯಿತು.

"ಎರಡು ದಿನ ತಟ್ಟೆ ಒಣಗಿದ್ದು ನೀವು ನೋಡ್ಲೇ ಇಲ್ವಾ?"

"ನೋಡ್ದೆ ಡಾಕ್ಟರೇ. ನೋಡಿ ಖುಷಿಪಟ್ಟೆ."

ಡಾಕ್ಟರು ಗದರಲಿಲ್ಲ. "ಬದುಕ್ತಾನಾ?" ಎಂದು ಅಕ್ಕ ಕೇಳಿದ್ದಕ್ಕೆ, "ರಕ್ತ ಪರೀಕ್ಷೆ ಮಾಡ್ತಾ ಇರ್ತೀನಿ. ನಾಳೆ ಹೇಳ್ತೀನಿ," ಎಂದಷ್ಟೇ ಅಂದರು.

ಹೊರಗಿನ ಬೆಂಚಿನಲ್ಲಿ ಕೂತ ಅಕ್ಕ ಗೋಡೆಗೆ ತಲೆಯಾನಿಸಿದವರು ಹಾಗೇ ನಿದ್ದೆಹೋದರು. ನಿದ್ದೆಯಲ್ಲೂ ಬಲಗೈ ದಾರ ಎಳೆಯುವಂತೆ ಆಗಾಗ ಜಗ್ಗುತ್ತಿತ್ತು. ನನ್ನ ಪ್ರಬಂಧ ಅಂಗಡಿಯಲ್ಲೇ ಉಳಿದಿದೆ ಎಂಬುದು ನನಗೆ ನೆನಪಾದದ್ದು ಆಗ.

ನಾಲ್ಕನೇ ದಿನ ಮೇಸ್ತ್ರಿ ಅಂಗಡಿಗೆ ಮರಳಿದ, ಮುಂಗಾಲಿನ ಕೂದಲು ಬೋಳಿಸಿಕೊಂಡು, ಪುಸ್ತಕಕ್ಕೆ ಭಾರವೇ ಆಗದಷ್ಟು ಸೊರಗಿ. ನೀರು ಜಾಸ್ತಿ ಕುಡಿಸಬೇಕು, ಮತ್ತೆ ಕಟ್ಟಿದರೂ ಕಟ್ಟಬಹುದು ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಈಗ ಅಕ್ಕ ಬೆಳಿಗ್ಗೆ ಬಾಗಿಲು ತೆಗೆದವರೇ, ದೀಪ ಹಾಕುವುದಕ್ಕೂ ಮೊದಲು, ತಟ್ಟೆಯ ಚೂರಿಗೆ ಅಂಗೈ ಒತ್ತಿ ನೋಡುತ್ತಾರೆ. ಒದ್ದೆ ಇದ್ದರೆ ಮೇಸ್ತ್ರಿಗೆ ಬೈದು, ಕೈ ತೊಳೆದು, ಹೊಲಿಗೆಗೆ ಕೂರುತ್ತಾರೆ.