ಪಾನ್ ಟೀಚರ್ ತಿದ್ದಿದ ವಾಕ್ಯ

ಸಿಚುವಾನಿನ ಆ ಪುಟ್ಟ ಪಟ್ಟಣದಲ್ಲಿ ಪಾನ್ ಶುಚಿಂಗ್ ಮೂವತ್ತೊಂದು ವರ್ಷ ಭಾಷಾ ಪಾಠ ಹೇಳಿದವಳು. ಚೀನೀ ಭಾಷೆಯ ನಾಲ್ಕಕ್ಷರದ ನುಡಿಗಟ್ಟುಗಳೆಂದರೆ ಅವಳಿಗೆ ಪ್ರಾಣ. ಯಾರಾದರೂ ತಪ್ಪಾಗಿ ಬಳಸಿದರೆ ಅನ್ನದಲ್ಲಿ ಕಲ್ಲು ಸಿಕ್ಕಂತೆ ಮುಖ ಹಿಂಡುತ್ತಿದ್ದಳು.

ಆ ದಿನದ ಪಾಠ ‘ಶೌ ಮಾಂಗ್ ಜ್ಯಾವ್ ಲ್ವಾನ್’. ಕೈಗೆ ಗಡಿಬಿಡಿ, ಕಾಲಿಗೆ ತೊಡಕು.

“ಬರೀ ಕೆಲ್ಸ ಜಾಸ್ತಿ ಇದೆ ಅಂತ ಇದನ್ನ ಬಳಸ್ಬೇಡಿ. ಗಾಬರಿ ಇರ್ಬೇಕು. ಒಲೆ ಮೇಲೆ ಸೋಯಾ ಹಾಲು ಉಕ್ತಿದೆ, ಬಾಗಿಲಲ್ಲಿ ನೆಂಟ್ರು ನಿಂತಿದಾರೆ, ಏನು ಮಾಡೋದು ಅಂತ ತೋಚ್ತಿಲ್ಲ. ಆಗ ಬಳಸಿ,” ಎಂದಳು. ಎಲ್ಲರೂ ಒಂದೊಂದು ವಾಕ್ಯ ಬರೆದರು.

ಹಿಂದಿನ ಬೆಂಚಿನ ತಾನ್ ಯೂಲಾನ್ ಬರೆದದ್ದು ಹೀಗಿತ್ತು: ‘ನಮ್ಮಮ್ಮ ದಿನಾ ಬೆಳಿಗ್ಗೆ ಅಡುಗೆ ಮಾಡುವಾಗ ಕೈಗೆ ಗಡಿಬಿಡಿ, ಕಾಲಿಗೆ ತೊಡಕು.’

ಟೀಚರ್ ಅದನ್ನು ಗಟ್ಟಿಯಾಗಿ ಓದಿ ಕೆಂಪು ಗೆರೆ ಎಳೆದಳು. “ಹದಿನೈದು ವರ್ಷದಿಂದ ಅಡುಗೆ ಮಾಡೋಳು ದಿನಾ ಗಾಬರಿ ಬೀಳ್ತಾಳೇನೇ? ಉಪ್ಪಿನ ಡಬ್ಬಿ ಎಲ್ಲಿದೆ ಅಂತಾನೂ ಗೊತ್ತಾಗಲ್ವಾ ನಿಮ್ಮಮ್ಮಂಗೆ?”

“ಗೊತ್ತಾಗಲ್ಲ, ಟೀಚರ್,” ಎಂದಳು ಯೂಲಾನ್, ಮೆಲ್ಲಗೆ.

ತರಗತಿಯೆಲ್ಲ ಗೊಳ್ಳೆಂದಿತು. ಟೀಚರೂ ನಕ್ಕಳು.

ಹೊಸ ವರ್ಷದ ರಜೆ ಮುಗಿದರೂ ಹುಡುಗಿ ಶಾಲೆಗೆ ಬರಲಿಲ್ಲ. ಕೇಳಿದಾಗ ಅವಳೂರಿನವರೇ ಹೇಳಿದರು: ತಾಯಿಗೆ ಕಣ್ಣು ಹೋಗಿದೆ. ವರ್ಷದಿಂದ ಮಂಜಾಗುತ್ತಿದ್ದರೂ ಖರ್ಚಿಗೆ ಹೆದರಿ ಬಾಯಿ ಬಿಟ್ಟಿರಲಿಲ್ಲ. ಕುದಿನೀರು ಕೈಮೇಲೆ ಸುರಿದುಕೊಂಡ ಮೇಲೆ ಎಲ್ಲ ಹೊರಬಿತ್ತು. ತಂದೆ ದೂರದ ಗುವಾಂಗ್‌ಡಾಂಗಿನ ಚಪ್ಪಲಿ ಕಾರ್ಖಾನೆಯಲ್ಲಿ. ಮನೆಗೆ ಮಗಳೇ ದಿಕ್ಕು.

ಪಾನ್ ಟೀಚರ್ ಈ ಭಾನುವಾರ ಹೋಗಿ ಬರೋಣ ಎಂದುಕೊಂಡಳು. ಆ ಭಾನುವಾರ ಪರೀಕ್ಷೆಯ ಕೆಲಸ ಬಂತು, ಮುಂದಿನದಕ್ಕೆ ನೆಗಡಿ. ಆಮೇಲೆ ಯಾವ ಮುಖ ಹೊತ್ತು ಹೋಗಲಿ ಎಂಬ ಅಳುಕು. ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ ಹನ್ನೆರಡು ವರ್ಷ ಹಿಡಿಯಿತು.

ನಿವೃತ್ತಿಯಾದ ಮೇಲೆ ಕೊನೆಗೂ ಹೋದಳು. ಯೂಲಾನ್ ಅಂಗಳದಲ್ಲಿ ತೋಫು ಕತ್ತರಿಸುತ್ತಿದ್ದಳು. ನೋಡಿದ ತಕ್ಷಣ ಗುರುತು ಹಿಡಿದು ಸ್ಟೂಲು ತಂದಿಟ್ಟಳು.

“ಅಮ್ಮ ಎಲ್ಲಮ್ಮಾ?”

“ಹೋಗಿ ಎರಡು ವರ್ಷ ಆಯ್ತು, ಟೀಚರ್.”

ಪಾನ್ ಟೀಚರ್ ಸ್ಟೂಲಿನ ಮೇಲೆ ಕೂತು ಹೇಳಿದಳು. “ನಿನ್ನ ವಾಕ್ಯ ಸರಿ ಇತ್ತು ಕಣೆ. ಇಡೀ ಕ್ಲಾಸಲ್ಲಿ ನಿಂದೊಂದೇ ಸರಿ ಇತ್ತು. ತಪ್ಪು ನಂದು.”

ಯೂಲಾನ್ ಚಾಕುವನ್ನು ಬಟ್ಟೆಗೆ ಒರೆಸಿದಳು. “ನಕ್ಕಿದ್ದಕ್ಕೆ ನಂಗೆ ಬೇಜಾರಿಲ್ಲ, ಟೀಚರ್. ಮಕ್ಳು ನಗ್ತಾರೆ. ಆದ್ರೆ ಅಮ್ಮ ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದ್ಲು. ಬಾಯಲ್ಲಿ ಹೇಳೋ ಹಾಗಿರ್ಲಿಲ್ಲ, ಅದಕ್ಕೇ ಬರೆದೆ. ನೀವು ಪಕ್ಕಕ್ಕೆ ಕರ್ದು ಯಾಕೆ ಹೀಗೆ ಬರ್ದೆ ಅಂತ ಕೇಳ್ತೀರಾ ಅಂದ್ಕೊಂಡಿದ್ದೆ. ಆಗ್ಲೇ ತೋರ್ಸಿದ್ರೆ ಒಂದು ಕಣ್ಣಾದ್ರೂ ಉಳೀತಿತ್ತು ಅಂದ್ರು, ಡಾಕ್ಟ್ರು.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಪಾನ್ ಟೀಚರಿಗೆ ಎಷ್ಟೋ ಹಗುರವಾಗುತ್ತಿತ್ತು.

ಹೊರಡುವಾಗ ಯೂಲಾನ್ ಬಿಸಿ ತೋಫು ಕಟ್ಟಿಕೊಟ್ಟು ಬಸ್ ನಿಲ್ದಾಣದವರೆಗೂ ಬಂದಳು. ಬಸ್ಸು ತಡವಾಗಿತ್ತು. ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಕಾದರು.