ಧಣಿಗಳ ತಂಪು

ನಮ್ಮ ಧಣಿಗಳು ಬೆಳಿಗ್ಗೆ ಕುತ್ತಿಗೆಗೆ ಬಳಿದುಕೊಂಡು ಬಂದ ಪೌಡರು ಸಂಜೆ ಮನೆಗೆ ಹೊರಡುವಾಗಲೂ ಹಾಗೇ ಇರುತ್ತಿತ್ತು. ಬೆವರು ಅವರ ಪಾಲಿಗೆ ಕೂಲಿಯವರ ಕಾಯಿಲೆ. ಸೀತಾಂಗೋಳಿಯ ಅವರ ಶೆಡ್ಡಿನಲ್ಲಿ ಅಡಿಕೆ ಹಾಳೆಯನ್ನು ಕಾದ ಅಚ್ಚಿನಲ್ಲಿ ಒತ್ತಿ ತಟ್ಟೆ ಮಾಡುತ್ತಿದ್ದ ನಮ್ಮ ರವಿಕೆ ಮಾತ್ರ ಹತ್ತು ಗಂಟೆಗೆಲ್ಲ ಬೆನ್ನಿಗೆ ಅಂಟುತ್ತಿತ್ತು.

ಅವರ ಕ್ಯಾಬಿನ್ನಿಗೂ ಯಂತ್ರಗಳಿಗೂ ನಡುವೆ ಇದ್ದದ್ದು ಒಂದು ತಗಡಿನ ಗೋಡೆ. ಅದಕ್ಕೆ ಹೊಸ ಬಗೆಯ ಹಲಗೆ ತರಿಸಿದರು. ಒಳಗೆ ಇಂಗಾಲದ ತೆಳು ಪದರಗಳಿವೆಯಂತೆ. ತಾಗಿದ ಬಿಸಿ ಹಲಗೆಯನ್ನು ದಾಟುವುದಿಲ್ಲ, ಅದರ ಉದ್ದಕ್ಕೂ ಓಡಿ ಒಂದು ತುದಿಯಲ್ಲಿ ಹೊರಬೀಳುತ್ತದೆ. ಕೂರಿಸಲು ಬಂದ ಮೆಕ್ಯಾನಿಕ್ ತುದಿಯನ್ನು ಯಾವ ಕಡೆಗೆ ಇಡುವುದೆಂದು ಕೇಳಿದ. ಒಂದು ಕಡೆ ಅಂಗಳ, ಇನ್ನೊಂದು ಕಡೆ ಕಮಲಕ್ಕನೂ ನಾನೂ ಕೂತು ತಟ್ಟೆ ಕಟ್ಟುವ ಬೆಂಚು.

"ಅಂಗಳದಲ್ಲಿ ನನ್ನ ಕಾರು ಉಂಟಲ್ಲ. ಪೈಂಟ್ ಹೋದರೆ ಎಂತ ಮಾಡುವುದು? ಬೆಂಚಿನ ಕಡೆ ಇಡಿ" ಎಂದರು ಧಣಿಗಳು.

ಆಮೇಲೆ ಬಂದವರಿಗೆಲ್ಲ ಗೋಡೆ ಮುಟ್ಟಿಸಿ, ತಾವೇ ಕಂಡುಹಿಡಿದವರ ಹಾಗೆ ವಿಜ್ಞಾನ ಕೊರೆಯುತ್ತಿದ್ದರು. ತುದಿ ಮುಟ್ಟಿ ನೋಡಿ ಎಂದು ಯಾರಿಗೂ ಹೇಳಲಿಲ್ಲ.

ಒಂದು ಮಧ್ಯಾಹ್ನ ಕಮಲಕ್ಕ ತಲೆ ತಿರುಗಿ ಬಿದ್ದಳು. ಅವಳ ಮುಖಕ್ಕೆ ನೀರು ಚಿಮುಕಿಸಿ ನಾನು ನೇರ ಕ್ಯಾಬಿನ್ನಿಗೆ ಹೋದೆ.

"ಧಣಿ, ಆ ತುದಿಯನ್ನು ಅಂಗಳಕ್ಕೆ ತಿರುಗಿಸಿ. ಅಲ್ಲಿ ಕೂರಲಿಕ್ಕೆ ಆಗುವುದಿಲ್ಲ."

ಅವರು ನಕ್ಕರು. "ಬಿಸಿ ಎಲ್ಲಿಗಾದರೂ ಹೋಗಬೇಕಲ್ಲ ಮಾರಾಯ್ತಿ."

ಬೀಸಿಕೊಳ್ಳಿ ಎಂದು ಎರಡು ಒಡಕು ಹಾಳೆ ಕಳಿಸಿದರು. ಅದನ್ನೂ ದೊಡ್ಡ ಉಪಕಾರವೆಂದು ಪೇಟೆಯಲ್ಲಿ ಹೇಳಿಕೊಂಡರಂತೆ. ಅಷ್ಟು ಸಣ್ಣ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ. ಹೊಟ್ಟೆಪಾಡು, ಮರುದಿನ ಇಬ್ಬರೂ ಅದೇ ಬೆಂಚಿನಲ್ಲಿ ಕೂತೆವು.

ಕಳೆದ ಬೇಸಿಗೆಯಲ್ಲಿ ಧಣಿಗಳು ತೀರಿಕೊಂಡರು. ಮಗ ದುಬೈಯಿಂದ ಬರುವವರೆಗೆ ಹೆಣವನ್ನು ಚಾವಡಿಯಲ್ಲಿ, ಬಾಡಿಗೆಗೆ ತಂದ ಗಾಜಿನ ಫ್ರೀಜರ್ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ನೆಂಟರು ತಲೆಯ ಕಡೆ ಕೂತಿದ್ದರು. ಶೆಡ್ಡಿನ ಹೆಂಗಸರನ್ನು ಕಾಲಿನ ಕಡೆ ನಿಲ್ಲಿಸಿದರು. ಪೆಟ್ಟಿಗೆಯ ಯಂತ್ರ ಇದ್ದದ್ದೂ ಅಲ್ಲೇ. ಒಳಗೆ ಧಣಿಗಳ ಕುತ್ತಿಗೆಗೆ ಯಾರೋ ಪೌಡರು ಹಾಕಿದ್ದರು. ಹೊರಗೆ ಯಂತ್ರದ ಬಿಸಿಗಾಳಿ ನಮ್ಮ ಮೊಣಕಾಲಿಗೆ ಹೊಡೆಯುತ್ತಿತ್ತು. ನನಗೆ ಅಳು ಬರಲಿಲ್ಲ, ಬೆವರು ಮಾತ್ರ ಇಳಿಯಿತು.

ಕಮಲಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು ನನ್ನ ಕಿವಿಯ ಹತ್ತಿರ ಬಗ್ಗಿದಳು.

"ಬಿಸಿ ಎಲ್ಲಿಗಾದರೂ ಹೋಗಬೇಕಲ್ಲ" ಎಂದಳು.