ಅಪ್ಪನ ದನಿಯ ಮೇಲೆ

ಹಳೆಯ ಫೋಟೊಗಳನ್ನು ತುಂಬಿಸಿಡಲು ಹಾರ್ಡ್ ಡಿಸ್ಕ್ ಬೇಕೆಂದು ಇವತ್ತು ಬಂದ್ಯೋಡಿನ ಕಂಪ್ಯೂಟರ್ ಅಂಗಡಿಗೆ ಹೋಗಿದ್ದೆ. "ಇದು ಬಿದ್ದರೆ ಹೋಯಿತು ಅಕ್ಕ, ಎಸ್‌ಎಸ್‌ಡಿ ಡಿಸ್ಕ್ ಆದರೆ ಗಟ್ಟಿ. ಆದರೂ ಕ್ಲೌಡಿನಲ್ಲಿ ಒಂದು ಕಾಪಿ ಇಡಿ," ಎಂದ ಅಂಗಡಿಯವ. ಯಾವುದು ಹೆಚ್ಚು ಕಾಲ ಉಳಿಯುತ್ತದೆ ಎಂದು ಕೇಳುವಾಗಲೇ ನಮ್ಮ ಮನೆಯ ಕ್ಯಾಸೆಟ್ ನೆನಪಾಗಿ ಸಿಟ್ಟು ಬಂತು.

ಅಪ್ಪ ದುಬೈಯಲ್ಲಿದ್ದರು. ಕಾಗದದ ಬದಲು ಕ್ಯಾಸೆಟ್ಟಿನಲ್ಲಿ ಮಾತಾಡಿ, ಊರಿಗೆ ಬರುವವರ ಕೈಯಲ್ಲಿ ಕಳಿಸುತ್ತಿದ್ದರು. ಮಾತಿನ ನಡುವೆ ಕೆಮ್ಮು, ಹಿಂದೆ ಫ್ಯಾನಿನ ಸದ್ದು. "ಮಗಳು ಇಂಗ್ಲಿಷಿನಲ್ಲಿ ಎಂತಾದರೂ ಹೇಳಲಿ," ಎನ್ನುತ್ತಿದ್ದರು. ಎರಡು ಮೂರು ಸಲ ಕೇಳಿದ ಮೇಲೆ ಅಮ್ಮ, "ಕೇಳಿ ಆಯಿತಲ್ಲ? ಇನ್ನು ಅದರ ಮೇಲೆಯೇ ಮಾತಾಡು. ಹೊಸತು ಎಂತಕ್ಕೆ?" ಎನ್ನುತ್ತಿದ್ದಳು. ರೆಕಾರ್ಡ್ ಮಾಡುವ ಕೆಂಪು ಗುಂಡಿ ಒತ್ತುತ್ತಿದ್ದವಳು ನಾನು. ಶಾಲೆಯ ಇಂಗ್ಲಿಷ್ ಪದ್ಯ ಹೇಳುತ್ತಾ ಅಪ್ಪನ ದನಿಯನ್ನು ಅಳಿಸುತ್ತಿದ್ದೆ. ಅದೇ ಕ್ಯಾಸೆಟ್ ದುಬೈಗೆ ವಾಪಸು ಹೋಗುತ್ತಿತ್ತು.

ಅಪ್ಪ ತೀರಿಕೊಂಡು ವರ್ಷಗಳಾದವು. ಅವರ ದನಿ ಎಲ್ಲಿಯೂ ಉಳಿದಿಲ್ಲ. ಅಮ್ಮನನ್ನು ದೂರಲೇ? ಗುಂಡಿ ಒತ್ತಿದ್ದು ನಾನಲ್ಲವೇ?

ಮನೆಗೆ ಬಂದವಳೇ ಅಮ್ಮನ ಮುಂದೆ ಫೋನ್ ಹಿಡಿದು, ಏನಾದರೂ ಮಾತಾಡಮ್ಮ ಎಂದೆ.

"ನಾನು ಇಲ್ಲಿಯೇ ಇದ್ದೇನಲ್ಲ ಮಾರಾಯ್ತಿ! ಅದನ್ನು ಬಂದ್ ಮಾಡು," ಎಂದು ಎದ್ದು ಹೋದಳು.

ರೆಕಾರ್ಡ್ ಆದದ್ದು ಅಷ್ಟೇ.